ಜೀವಕೋಶದ ತೂಬುಗಳು

ಎಲೆ ಅಡಿಕೆಯಿಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯವೂ ಪೂರ್ಣವಾಗುವುದಿಲ್ಲ. ಲಗ್ನ ನಿಶ್ಚಯಕ್ಕೂ ತಾಂಬೂಲ, ಬಾಗಿನಕ್ಕೂ ತಾಂಬೂಲ, ಮನೆಗೆ ಬಂದ ಮುತ್ತೈದೆಯನ್ನು ಕಳುಹಿಸಿಕೊಡುವುದಕ್ಕೂ ತಾಂಬೂಲ. ಕೋಲಾರ ಸೀಮೆಯಲ್ಲಿ ಈ ವೀಳ್ಯದ ಮಡಿಕೆಯೊಳಗೆ ಎಂದೋ ಇನ್ನೊಬ್ಬ ನಂಟ ಬಂದು ಸೇರಿಕೊಂಡ. ಹದ ಮಾಡಿದ ಎಲೆಯ ರೂಪದಲ್ಲಿ ಬಂದರೆ ಅವನ ಹೆಸರು ಹೊಗೆಸೊಪ್ಪು. ದಂಟನ್ನೂ ಕಡ್ಡಿಯನ್ನೂ ಒಣಗಿಸಿ ಕುಟ್ಟಿದ ಅಗ್ಗದ ಪುಡಿಯಾಗಿ ಬಂದರೆ ಕಡ್ಡಿಪುಡಿ. ಮುಳಬಾಗಿಲಿನ ಹೊಲಗಳಲ್ಲಿ ಟೊಮ್ಯಾಟೊ ಬಿಡಿಸುವವರು, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ದುಡಿಯುವವರು, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಹೊರೆ ಹೊರುವವರು, ಇವರೆಲ್ಲರಿಗೂ ಅವನು ಚಿರಪರಿಚಿತ. ಹಸಿವನ್ನು ಮರೆಸುತ್ತಾನೆ, ಹಲ್ಲುನೋವನ್ನು ಅಡಗಿಸುತ್ತಾನೆ ಎಂಬ ನಂಬಿಕೆ ಬೇರೆ.

ಬೀಡಿ ಸೇದುವ ಹೆಂಗಸನ್ನು ಊರು ಆಡಿಕೊಳ್ಳುತ್ತದೆ. ಎಲೆಯಡಿಕೆಯ ಜೊತೆಗೆ ಚಿಟಿಕೆ ಕಡ್ಡಿಪುಡಿ ಹಾಕಿಕೊಳ್ಳುವ ಹೆಂಗಸನ್ನು ಯಾರೂ ಏನೂ ಎನ್ನುವುದಿಲ್ಲ. ಅಜ್ಜಿ ಹಾಕುತ್ತಿದ್ದಳು, ಅತ್ತೆ ಹಾಕುತ್ತಿದ್ದಳು, ಸೊಸೆಯೂ ಕಲಿತಳು. ರಾತ್ರಿ ಮಲಗುವಾಗಲೂ ಉಂಡೆಯನ್ನು ದವಡೆಯ ಸಂದಿಯಲ್ಲಿ ಇಟ್ಟುಕೊಂಡೇ ನಿದ್ದೆಹೋಗುವ ರೂಢಿ ಈ ಭಾಗದಲ್ಲಿದೆ ಎಂದು ಇಲ್ಲಿಯ ವೈದ್ಯರು ಬರೆದಿದ್ದಾರೆ.

ಅದರ ಫಲವನ್ನು ಕಾಣಬೇಕಾದರೆ ಕೋಲಾರದ ಹೊರವಲಯದ ಟಮಕಕ್ಕೆ ಹೋಗಬೇಕು. ಅಲ್ಲಿ ೧೯೮೬ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜೂ ಅದಕ್ಕೆ ಹೊಂದಿದ ಆರ್. ಎಲ್. ಜಾಲಪ್ಪ ಆಸ್ಪತ್ರೆಯೂ ಇವೆ. ಆ ಕಾಲೇಜಿನವರು ತಮ್ಮಲ್ಲಿ ಹತ್ತು ವರ್ಷಗಳ ಕಾಲ ಪತ್ತೆಯಾದ ಕ್ಯಾನ್ಸರುಗಳನ್ನು ಲೆಕ್ಕಹಾಕಿ ೨೦೧೦ರಲ್ಲಿ ಪ್ರಕಟಿಸಿದರು. ಗಂಡಸರಲ್ಲಿ ಜಠರದ ಕ್ಯಾನ್ಸರಿಗೆ ಮೊದಲ ಸ್ಥಾನ. ಹೆಂಗಸರಲ್ಲಿಯೋ? ಬೆಂಗಳೂರಿನ ಹೆಂಗಸರಲ್ಲಿ ಸ್ತನದ ಕ್ಯಾನ್ಸರು ಮುಂದಿದೆ ಎಂದು ಕಿದ್ವಾಯಿ ಸಂಸ್ಥೆಯ ನೋಂದಣಿ ಪುಸ್ತಕಗಳು ಹೇಳುತ್ತವೆ. ಅಲ್ಲಿಂದ ಎಪ್ಪತ್ತು ಕಿಲೋಮೀಟರ್ ಆಚೆಗೆ ಬಂದರೆ ಸ್ತನವೂ ಗರ್ಭಕಂಠವೂ ಹಿಂದೆ ಸರಿದು, ಬಾಯಿಯ ಕ್ಯಾನ್ಸರು ಮುಂದೆ ಬಂದು ನಿಲ್ಲುತ್ತದೆ. ಪ್ರಪಂಚದ ಬಹುಭಾಗದಲ್ಲಿ ಇದು ಗಂಡಸರ ರೋಗ. ಈ ಸೀಮೆಯಲ್ಲಿ ಮಾತ್ರ ಹೆಂಗಸರ ಕೆನ್ನೆಯೊಳಗೆ ಬೇರೂರಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದೇ ಬೀದಿಯ ಇಬ್ಬರು ಹೆಂಗಸರು ಮೂವತ್ತು ವರ್ಷ ಒಂದೇ ಅಂಗಡಿಯ ಕಡ್ಡಿಪುಡಿಯನ್ನು ಅಗಿದಿದ್ದಾರೆನ್ನೋಣ. ಒಬ್ಬಳು ಎಂಬತ್ತು ದಾಟಿ ಮರಿಮಕ್ಕಳನ್ನು ಆಡಿಸುತ್ತಿದ್ದಾಳೆ. ಇನ್ನೊಬ್ಬಳಿಗೆ ನಲವತ್ತೈದಕ್ಕೇ ಕೆನ್ನೆಯೊಳಗೆ ಮಾಯದ ಹುಣ್ಣು. ಹಣೆಬರಹ ಎನ್ನುವುದು ಸುಲಭ. ಊರವರು ಹಾಗೆಯೇ ಎನ್ನುತ್ತಾರೆ. ಆದರೆ ಆ ಬರಹವನ್ನು ಅಕ್ಷರ ಅಕ್ಷರವಾಗಿ ಓದುವುದಕ್ಕೆ ಹೊರಟ ಜನರು ಕೋಲಾರದ ನೆರೆಯಲ್ಲಿಯೇ ಇದ್ದಾರೆ. ಮಾಲೂರಿನಲ್ಲಿ ಬೆಳಗಿನ ರೈಲು ಹತ್ತಿದವನು ವೈಟ್‌ಫೀಲ್ಡಿನಲ್ಲಿ ಇಳಿದರೆ ಅವರ ಪ್ರಯೋಗಶಾಲೆ ಬಹು ದೂರವೇನಲ್ಲ. ಅವರ ಕೆಲಸವನ್ನು ತಿಳಿಯುವುದಕ್ಕೆ ಮೊದಲು ಸ್ವಲ್ಪ ಪೂರ್ವಕಥೆ ಬೇಕು.

ಕೆರೆಯ ಸಾಲು

ನಮ್ಮ ಹಳೆಯ ಪಠ್ಯಪುಸ್ತಕಗಳು ‘ಸಸಾರಜನಕ’ ಎಂದು ಕರೆದ ವಸ್ತುವನ್ನೇ ಇಂದು ಎಲ್ಲರೂ ಪ್ರೋಟೀನು ಎನ್ನುತ್ತಾರೆ. ಗೃಹಿಣಿಯರಿಗೆ ಅದು ಬೇಳೆ, ಹಾಲು, ಮೊಟ್ಟೆಗಳ ಗುಣವಾಗಿ ಪರಿಚಿತ. ಆದರೆ ಜೀವಕೋಶದೊಳಗೆ ಪ್ರೋಟೀನು ಆಹಾರವಲ್ಲ, ಆಳು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿ ಮಡಿಸಿದರೆ ಒಂದು ಪ್ರೋಟೀನು. ಮಣಿಗಳ ಅನುಕ್ರಮ ಬದಲಾದರೆ ಮಡಿಕೆ ಬದಲು, ಮಡಿಕೆ ಬದಲಾದರೆ ಉದ್ಯೋಗವೂ ಬದಲು. ಒಂದು ಪ್ರೋಟೀನು ಸಕ್ಕರೆಯನ್ನು ಒಡೆಯುತ್ತದೆ. ಇನ್ನೊಂದು ಗೋಡೆಗೆ ಕಂಬವಾಗುತ್ತದೆ. ಮತ್ತೊಂದಕ್ಕೆ ಸುದ್ದಿ ಒಯ್ಯುವುದೇ ಕೆಲಸ. ನಮ್ಮ ವರ್ಣತಂತುಗಳಲ್ಲಿ ಇಂಥ ಆಳುಗಳನ್ನು ತಯಾರಿಸುವ ಸುಮಾರು ೨೦,೦೦೦ ವಂಶವಾಹಿಗಳಿವೆ.

ಈ ಸುದ್ದಿ ಒಯ್ಯುವ ಕೆಲಸವನ್ನು ವಿವರಿಸುವುದಕ್ಕೆ ಕೋಲಾರದವರಿಗೆ ದೂರದ ಉಪಮಾನ ಬೇಕಿಲ್ಲ. ಈ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಇರುವುದು ಕೆರೆಗಳ ಸಾಲು. ಮೇಲಿನ ಕೆರೆ ತುಂಬಿ ಕೋಡಿ ಹೋದರೆ ಕೆಳಗಿನ ಕೆರೆಗೆ ನೀರು. ಅದು ತುಂಬಿದರೆ ಅದರ ಕೆಳಗಿನದಕ್ಕೆ. (ಒಣಗಿದ್ದ ಈ ಕೆರೆಗಳಿಗೆ ೨೦೧೮ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ. ಅದರ ಗುಣಾವಗುಣದ ಚರ್ಚೆ ಬೇರೆಯೇ ಒಂದು ಲೇಖನವಾದೀತು.) ಪ್ರತಿಯೊಂದು ಕೆರೆಗೂ ತೂಬು, ತೂಬಿಗೆ ನೀರಗಂಟಿ. ಯಾವ ಹೊತ್ತಿನಲ್ಲಿ ಎಷ್ಟು ತೆರೆಯಬೇಕು, ಎಂದು ಮುಚ್ಚಬೇಕು ಎಂಬುದು ಅವನಿಗೆ ಗೊತ್ತು. ತೆರೆಯದಿದ್ದರೆ ಗದ್ದೆ ಒಣಗುತ್ತದೆ. ತೆರೆದ ತೂಬು ಮುಚ್ಚದೆ ಸಿಕ್ಕಿಕೊಂಡರೆ ಬೆಳೆ ಕೊಳೆಯುತ್ತದೆ.

ಜೀವಕೋಶದೊಳಗಿನ ವ್ಯವಸ್ಥೆಯೂ ಹೀಗೆಯೇ. ಕೋಶದ ಹೊರಗೋಡೆಯಲ್ಲಿ ಗ್ರಾಹಕವೆಂಬ ಪ್ರೋಟೀನು ಅರ್ಧ ಹೊರಗೆ, ಅರ್ಧ ಒಳಗೆ ಚಾಚಿಕೊಂಡು ನಿಂತಿದೆ. ಹೊರಗಿನಿಂದ ಸಂದೇಶದ ಅಣುವೊಂದು ಬಂದು ಅದರ ಮೇಲೆ ಕೂತರೆ, ಒಳಗಿನ ಬಾಲ ಎಚ್ಚರಗೊಳ್ಳುತ್ತದೆ. ಅದು ಪಕ್ಕದ ಪ್ರೋಟೀನನ್ನು ಎಬ್ಬಿಸುತ್ತದೆ, ಅದು ಮುಂದಿನದನ್ನು. ಒಂದು ತೂಬಿನಿಂದ ಮತ್ತೊಂದಕ್ಕೆ ಹರಿದು ಕೊನೆಗೆ ಸುದ್ದಿ ಕೋಶದ ನಡುವಿನ ಬೀಜಕ್ಕೆ ಮುಟ್ಟುತ್ತದೆ: ‘ಇಬ್ಭಾಗವಾಗು.’ ಕೆನ್ನೆಯೊಳಗಿನ ಪೊರೆ ಬಿಸಿ ಸಾರಿಗೂ ಗಟ್ಟಿ ಚಕ್ಕುಲಿಗೂ ದಿನವೂ ಸವೆಯುವುದರಿಂದ ಅಲ್ಲಿ ಈ ಆಜ್ಞೆ ಆಗಾಗ ಬರಲೇಬೇಕು. ಆದರೆ ಗಾಯ ಮಾದ ಮೇಲೆ ತೂಬು ಮುಚ್ಚಬೇಕು. ಮುಚ್ಚದೆ ಹೋದರೆ ಅದಕ್ಕೆ ಕ್ಯಾನ್ಸರು ಎಂದು ಹೆಸರು.

ಇಲಿಮರಿಯ ಕಣ್ಣು

ಇಂಥ ಸಂದೇಶದ ಅಣು ಮೊದಲು ಸಿಕ್ಕಿದ ಕಥೆ ಸ್ವಾರಸ್ಯವಾದುದು. ಅಮೆರಿಕದಲ್ಲಿ ಸ್ಟ್ಯಾನ್ಲಿ ಕೋಹೆನ್ ಎಂಬ ರಸಾಯನಶಾಸ್ತ್ರಜ್ಞ, ರೀಟಾ ಲೆವಿ-ಮೊಂಟಾಲ್ಚೀನಿ ಎಂಬ ಮಹಿಳೆಯೊಡನೆ ನರಗಳ ಬೆಳವಣಿಗೆಯನ್ನು ಕುರಿತು ಕೆಲಸ ಮಾಡುತ್ತಿದ್ದ. ಇಲಿಯ ಜೊಲ್ಲಿನ ಗ್ರಂಥಿಯ ರಸವನ್ನು ಆಗ ತಾನೆ ಹುಟ್ಟಿದ ಮರಿಗಳಿಗೆ ಚುಚ್ಚಿದಾಗ ಒಂದು ವಿಚಿತ್ರ ಕಂಡಿತು. ಹದಿನಾಲ್ಕನೆಯ ದಿನದ ಸುಮಾರಿಗೆ ಕಣ್ಣು ತೆರೆಯಬೇಕಾದ ಮರಿಗಳು ಏಳನೆಯ ದಿನಕ್ಕೇ ಕಣ್ಣು ಬಿಟ್ಟವು. ಹಲ್ಲುಗಳೂ ಬೇಗನೆ ಮೂಡಿದವು. ಬೇರೆಯವನಾಗಿದ್ದರೆ ಅದನ್ನು ಬದಿಗೆ ತಳ್ಳಿ ತನ್ನ ನರಗಳ ಕೆಲಸಕ್ಕೆ ಹಿಂತಿರುಗುತ್ತಿದ್ದನೇನೋ. ಕೋಹೆನ್ ಹಾಗೆ ಮಾಡಲಿಲ್ಲ. ೧೯೬೨ರಲ್ಲಿ ಆ ರಸದಿಂದ ಒಂದು ಸಣ್ಣ ಪ್ರೋಟೀನನ್ನು ಬೇರ್ಪಡಿಸಿದ. ಕೇವಲ ೫೩ ಅಮೈನೋ ಆಮ್ಲಗಳ ಆ ಅಣು ಹೊರಚರ್ಮದ ಕೋಶಗಳನ್ನು ಬೆಳೆಯಿಸುತ್ತಿತ್ತು. ಅದನ್ನು ವಿಜ್ಞಾನಿಗಳು ಚುಟುಕಾಗಿ ಇ.ಜಿ.ಎಫ್. ಎನ್ನುತ್ತಾರೆ. ೧೯೮೬ರಲ್ಲಿ ಆ ಇಬ್ಬರಿಗೂ ನೊಬೆಲ್ ಬಹುಮಾನ ಸಂದಿತು.

ಜೊಲ್ಲಿನಲ್ಲಿ ದೊರೆತ ಅಣು ಬಾಯಿಯ ರೋಗದ ಕಥೆಯಲ್ಲಿ ಮುಖ್ಯಪಾತ್ರವಹಿಸಿರುವುದು ವಿಧಿಯ ವಿನೋದವೆನ್ನಬೇಕು. ಬಾಯಿ ಮತ್ತು ಗಂಟಲಿನ ಕ್ಯಾನ್ಸರುಗಳಲ್ಲಿ ಬಹುಪಾಲಿನಲ್ಲಿ ಈ ಇ.ಜಿ.ಎಫ್.ನ ಗ್ರಾಹಕ ಮಿತಿಮೀರಿ ತುಂಬಿರುತ್ತದೆ. ಒಂದು ತೂಬು ಇರಬೇಕಾದ ಏರಿಯ ಮೇಲೆ ಹತ್ತು ತೂಬುಗಳು ತೆರೆದಂತೆ.

ಪ್ರತ್ಯಯ ಸೇರಿದ ಪದ

ಪ್ರೋಟೀನು ‘ಎಚ್ಚರಗೊಳ್ಳುತ್ತದೆ’ ಎಂದೆನಷ್ಟೆ. ಹಾಗೆಂದರೇನು? ವ್ಯಾಕರಣದ ಪಾಠ ಹೇಳುವ ನನ್ನಂಥವನಿಗೆ ಇದು ವಿಭಕ್ತಿ ಪ್ರತ್ಯಯದ ಪ್ರಕರಣದಂತೆ ತೋರುತ್ತದೆ. ‘ಮನೆ’ ಎಂಬ ಪದಕ್ಕೆ ‘ಗೆ’ ಸೇರಿದರೆ ಹೋಗುವ ಗುರಿ, ‘ಇಂದ’ ಸೇರಿದರೆ ಹೊರಟ ಸ್ಥಳ. ಪದ ಅದೇ, ವಾಕ್ಯದಲ್ಲಿ ಅದರ ಕೆಲಸ ಬೇರೆ. ಪ್ರೋಟೀನಿಗೆ ಸೇರುವ ಇಂಥ ಪ್ರತ್ಯಯಗಳಲ್ಲಿ ಮುಖ್ಯವಾದದ್ದು ಫಾಸ್ಫೇಟು, ಎಂದರೆ ರಂಜಕವೂ ಆಮ್ಲಜನಕವೂ ಕೂಡಿದ ಒಂದು ಪುಟ್ಟ ಗುಂಪು. ಅದು ಅಂಟಿದಾಗ ಪ್ರೋಟೀನಿನ ಮಡಿಕೆ ತುಸು ಅಲುಗಿ, ನಿದ್ರಿಸುತ್ತಿದ್ದದ್ದು ದುಡಿಯತೊಡಗುತ್ತದೆ. ಅಂಟಿಸುವುದಕ್ಕೆ ಕೈನೇಸುಗಳೆಂಬ ಆಳುಗಳು, ಕಿತ್ತುಹಾಕುವುದಕ್ಕೆ ಫಾಸ್ಫಟೇಸುಗಳೆಂಬ ಆಳುಗಳು. ಇವರೇ ನಮ್ಮ ನೀರಗಂಟಿಗಳು. ಈ ತೆರೆಯುವ ಮುಚ್ಚುವ ಉಪಾಯವನ್ನು ಕಂಡುಹಿಡಿದುದಕ್ಕೆ ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್ ೧೯೯೨ರಲ್ಲಿ ನೊಬೆಲ್ ಬಹುಮಾನ ಪಡೆದರು.

ಬಹುಕಾಲ ಈ ಫಾಸ್ಫೇಟು ಸೆರೀನ್, ಥ್ರಿಯೋನೀನ್ ಎಂಬ ಎರಡು ಮಣಿಗಳಿಗೆ ಮಾತ್ರ ಅಂಟುತ್ತದೆ ಎಂದೇ ತಿಳಿದಿದ್ದರು. ೧೯೭೯ರಲ್ಲಿ ಟೋನಿ ಹಂಟರ್ ಎಂಬಾತ ಪ್ರಯೋಗವೊಂದಕ್ಕೆ ಹೊಸ ದ್ರಾವಣ ಮಾಡಿಕೊಳ್ಳಲು ಬೇಸರಿಸಿ ಹಳೆಯದನ್ನೇ ಬಳಸಿದ. ಇಟ್ಟು ಇಟ್ಟು ಹುಳಿಯಾಗಿದ್ದ ಆ ದ್ರಾವಣದಲ್ಲಿ, ಯಾವಾಗಲೂ ಒಂದಾಗಿ ಕಾಣುತ್ತಿದ್ದ ಎರಡು ಕಲೆಗಳು ಬೇರೆ ಬೇರೆಯಾದವು. ಹೊಸ ಕಲೆ ಟೈರೋಸೀನ್ ಎಂಬ ಮೂರನೆಯ ಮಣಿಯದು. ಇ.ಜಿ.ಎಫ್. ಗ್ರಾಹಕದ ಬಾಲದಲ್ಲಿ ಫಾಸ್ಫೇಟು ಅಂಟುವುದು ಈ ಟೈರೋಸೀನಿಗೇ. ಸೋಮಾರಿತನಕ್ಕೆ ಇಷ್ಟು ದೊಡ್ಡ ಪ್ರತಿಫಲ ದೊರೆತ ನಿದರ್ಶನ ವಿಜ್ಞಾನದಲ್ಲಿ ವಿರಳ. ವಿದ್ಯಾರ್ಥಿಗಳು ಇದನ್ನು ಓದದಿರುವುದೇ ಲೇಸು.

ಆನೆಯನ್ನು ತೂಗುವ ತಕ್ಕಡಿ

ಸಾವಿರಾರು ಪ್ರೋಟೀನುಗಳು ಕಲಸಿಹೋಗಿರುವ ಒಂದು ಚೂರು ಮಾಂಸದಲ್ಲಿ ಯಾವುದು ಎಷ್ಟಿದೆ, ಯಾವುದಕ್ಕೆ ಪ್ರತ್ಯಯ ಸೇರಿದೆ ಎಂದು ತಿಳಿಯುವುದು ಹೇಗೆ? ತೂಗಿ ನೋಡಿ. ಪದಾರ್ಥಗಳನ್ನು ವಿದ್ಯುದಂಶಗೊಳಿಸಿ ನಿರ್ವಾತದಲ್ಲಿ ಹಾರಿಸಿ, ಅವುಗಳ ಚಲನೆಯಿಂದ ತೂಕವನ್ನು ಅಳೆಯುವ ಯಂತ್ರಗಳು ಬಹುಕಾಲದಿಂದ ಇದ್ದವು. ಇವುಗಳಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಎಂದು ಹೆಸರು. ಆದರೆ ಪ್ರೋಟೀನುಗಳು ಭಾರಿ ಗಾತ್ರದವು, ಹಾರಿಸಹೋದರೆ ಚೂರುಚೂರಾಗುತ್ತಿದ್ದವು. ಜಾನ್ ಫೆನ್ ಎಂಬ ಅಮೆರಿಕದ ವಿಜ್ಞಾನಿ ಅವನ್ನು ವಿದ್ಯುದಂಶವುಳ್ಳ ತುಂತುರು ಹನಿಗಳಲ್ಲಿ ಮೆಲ್ಲನೆ ಹೊರಡಿಸುವ ಉಪಾಯ ಕಂಡ. ಅಣುಗಳ ಲೋಕದ ಆನೆಗೆ ರೆಕ್ಕೆ ಹಚ್ಚಿದೆ ಎಂಬ ಅರ್ಥದ ತಲೆಬರಹವನ್ನೇ ತನ್ನ ನೊಬೆಲ್ ಉಪನ್ಯಾಸಕ್ಕೆ ಕೊಟ್ಟ. ೨೦೦೨ರ ಆ ಬಹುಮಾನದಲ್ಲಿ ಆತನೊಡನೆ ಪಾಲು ಪಡೆದವರಲ್ಲಿ ಒಬ್ಬ ಜಪಾನಿನ ಕಂಪನಿಯೊಂದರ ಇಂಜಿನಿಯರು, ಕೊಯಿಚಿ ತನಾಕ. ಲೇಸರ್ ಕಿರಣದಿಂದ ಇದೇ ಕಾರ್ಯವನ್ನು ಸಾಧಿಸಿದವನು.

ಹೀಗೆ ತೂಗುವ ಮೊದಲು ಪ್ರೋಟೀನನ್ನು ಕತ್ತರಿಸಬೇಕಾಗುತ್ತದೆ. ಕತ್ತರಿ ಬೇರೆಯೇನಲ್ಲ, ನಮ್ಮ ಜೀರ್ಣಾಂಗದಲ್ಲಿಯೂ ಇರುವ ಟ್ರಿಪ್ಸಿನ್. ಅದು ಲೈಸೀನ್, ಆರ್ಜಿನೀನ್ ಎಂಬ ಎರಡು ಮಣಿಗಳ ಮುಂದೆ ಮಾತ್ರ ಕತ್ತರಿಸುತ್ತದೆ. ಒಂದು ದೊಡ್ಡ ಕಾವ್ಯದ ಓಲೆಗರಿಗಳನ್ನು ಎರಡು ಗೊತ್ತಾದ ಅಕ್ಷರಗಳು ಬಂದಲ್ಲೆಲ್ಲ ಕತ್ತರಿಸಿ ರಾಶಿ ಹಾಕಿದಂತೆ. ಅನಂತರ ಒಂದೊಂದು ಚೂರನ್ನೂ ತೂಗಿ, ಮತ್ತೆ ಒಡೆದು ಒಳಗಿನ ಮಣಿಗಳ ಅನುಕ್ರಮವನ್ನು ಊಹಿಸಿ, ‘ಈ ಪಾಠ ಇಂಥ ಕಾವ್ಯದ ಇಂಥ ಪದ್ಯದ್ದು’ ಎಂದು ನಿರ್ಣಯಿಸುತ್ತಾರೆ. ಗ್ರಂಥಸಂಪಾದನೆಯ ಶ್ರಮವನ್ನು ಬಲ್ಲವರಿಗೆ ಈ ಕೆಲಸದ ರೀತಿ ಕೂಡಲೇ ಹೊಳೆಯುತ್ತದೆ. ಅವರ ಯಂತ್ರ ಮಾತ್ರ ಇದನ್ನು ಗಂಟೆಗೆ ಸಾವಿರಗಟ್ಟಲೆ ಮಾಡುತ್ತದೆ. ಫಾಸ್ಫೇಟು ಅಂಟಿದ ಚೂರು ಸುಮಾರು ೮೦ ಮಾನದಷ್ಟು ಹೆಚ್ಚು ತೂಗುತ್ತದೆ. ಆದ್ದರಿಂದ ಯಾವ ತೂಬು ತೆರೆದಿದೆ ಎಂಬುದು ತಕ್ಕಡಿಯಲ್ಲಿಯೇ ಗೊತ್ತಾಗುತ್ತದೆ.

ನೆರೆಮನೆಯವರ ಕೆಲಸ

ಈಗ ವೈಟ್‌ಫೀಲ್ಡಿನ ರೈಲು ಇಳಿಯೋಣ. ಅಲ್ಲಿಯ ಇಂಟರ್‌ನ್ಯಾಷನಲ್ ಟೆಕ್ ಪಾರ್ಕಿನ ಸಾಫ್ಟ್‌ವೇರ್ ಕಂಪನಿಗಳ ನಡುವೆ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಎಂಬ ಸಂಸ್ಥೆಯಿದೆ. ೨೦೦೨ರಲ್ಲಿ ಇದನ್ನು ಸ್ಥಾಪಿಸಿದವರು ಅಖಿಲೇಶ್ ಪಾಂಡೆ. ಪುಣೆಯಲ್ಲಿ ವೈದ್ಯವಿದ್ಯೆ ಕಲಿತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದವರು. ಆರಂಭದ ವರ್ಷಗಳಲ್ಲಿ ಅಲ್ಲಿಯ ತರುಣ ತರುಣಿಯರು ಮಾಡಿದ್ದು ಓದುವ ಕೆಲಸ. ಜಗತ್ತಿನ ಪತ್ರಿಕೆಗಳಲ್ಲಿ ಚದುರಿಹೋಗಿದ್ದ ಪ್ರಬಂಧಗಳನ್ನು ಒಂದೊಂದಾಗಿ ಓದಿ, ಮನುಷ್ಯನ ಪ್ರೋಟೀನುಗಳ ವಿವರವನ್ನು ಒಂದೆಡೆ ದಾಖಲಿಸಿದರು. ೨೦೦೩ರಲ್ಲಿ ಆ ಕೋಶ ಬೆಳಕು ಕಂಡಿತು. ೨೦೧೦ರಲ್ಲಿ ‘ನೆಟ್‌ಪಾತ್’ ಎಂಬ ಇನ್ನೊಂದನ್ನು ಪ್ರಕಟಿಸಿದರು. ಕ್ಯಾನ್ಸರಿಗೆ ಸಂಬಂಧಿಸಿದ ಹತ್ತು, ರೋಗನಿರೋಧಕ್ಕೆ ಸಂಬಂಧಿಸಿದ ಹತ್ತು, ಹೀಗೆ ಇಪ್ಪತ್ತು ಸಂದೇಶಮಾರ್ಗಗಳ ನಕ್ಷೆ. ಯಾವ ಕೆರೆಯ ನೀರು ಯಾವ ಕಾಲುವೆಯಲ್ಲಿ ಹರಿದು ಯಾವ ಗದ್ದೆಗೆ ಸೇರುತ್ತದೆ ಎಂಬ ಗ್ರಾಮನಕ್ಷೆಯೆನ್ನಿ. ನಿಘಂಟು ಕಟ್ಟಿದವರ ಕೆಲಸದ ಹಾಗೆ ಇದಕ್ಕೂ ಚಪ್ಪಾಳೆ ಕಡಿಮೆ. ಆದರೆ ಇಂಥ ಆಕರವಿಲ್ಲದೆ ಮುಂದಿನವರು ಒಂದು ಹೆಜ್ಜೆಯನ್ನೂ ಇಡಲಾರರೆಂದು ನನ್ನ ಎಣಿಕೆ.

ಚಪ್ಪಾಳೆ ಬಿದ್ದದ್ದು ೨೦೧೪ರ ಮೇ ತಿಂಗಳಿನಲ್ಲಿ. ಪಾಂಡೆ, ಹರ್ಷ ಗೌಡ ಮುಂತಾದವರು ಹಾಪ್ಕಿನ್ಸ್ ಮತ್ತು ಬೆಂಗಳೂರಿನ ತಂಡಗಳನ್ನು ಕೂಡಿಸಿಕೊಂಡು ಮನುಷ್ಯ ಶರೀರದ ಪ್ರೋಟೀನುಗಳ ಕರಡು ನಕ್ಷೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವಯಸ್ಕರ ೧೭ ಅಂಗಾಂಶ, ಭ್ರೂಣದ ೭, ರಕ್ತದ ೬ ಬಗೆಯ ಕೋಶಗಳು, ಒಟ್ಟು ೩೦ ಮಾದರಿಗಳನ್ನು ತೂಗಿ ೧೭,೨೯೪ ವಂಶವಾಹಿಗಳ ಪ್ರೋಟೀನುಗಳನ್ನು ಗುರುತಿಸಿದ್ದರು. ತಿಳಿದಿದ್ದ ಮೊತ್ತದ ನೂರಕ್ಕೆ ೮೪ ಭಾಗ. ಅದೇ ಸಂಚಿಕೆಯಲ್ಲಿ ಜರ್ಮನಿಯ ತಂಡವೊಂದು ಇಂಥದೇ ಇನ್ನೊಂದು ನಕ್ಷೆಯನ್ನು ಪ್ರಕಟಿಸಿತು. ಆರೋಗ್ಯವಂತ ದೇಹದಲ್ಲಿ ಎಲ್ಲಿ ಏನಿರಬೇಕೆಂದು ಗೊತ್ತಾದರೆ ತಾನೆ ರೋಗಿಯ ದೇಹದಲ್ಲಿ ಏನು ಏರುಪೇರಾಗಿದೆ ಎಂದು ಹೇಳಲಾಗುವುದು?

ನಮ್ಮ ಕಥೆಗೆ ಹತ್ತಿರವಾದ ಪ್ರಯೋಗ ೨೦೧೫ರದು. ಅದೇ ಸಂಸ್ಥೆಯವರು ಬಾಯಿಯ ಪೊರೆಯ ಸಾಧಾರಣ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಅವಕ್ಕೆ ಅಗಿಯುವ ಹೊಗೆಸೊಪ್ಪಿನ ಸತ್ವವನ್ನು ಉಣಿಸಿದರು. ಒಂದೆರಡು ದಿನವಲ್ಲ, ದೀರ್ಘಕಾಲ. ಕೋಲಾರದ ಹೆಂಗಸು ವರ್ಷಗಟ್ಟಲೆ ದವಡೆಯಲ್ಲಿ ಇಟ್ಟುಕೊಂಡಂತೆಯೇ. ಹಿಂದಿನ ಪ್ರಯೋಗಗಳಲ್ಲಿ ಬಹಳಷ್ಟು ಅಲ್ಪಕಾಲದವು. ಅವುಗಳಿಗೂ ನಿಜಜೀವನಕ್ಕೂ ಇದ್ದ ಅಂತರವನ್ನು ಮೊದಲು ಅರಿತುಕೊಂಡದ್ದೇ ಇಲ್ಲಿಯ ಜಾಣತನ. ಸತ್ವವನ್ನುಂಡ ಕೋಶಗಳು ಬೇಗ ಬೇಗ ಇಬ್ಭಾಗವಾಗತೊಡಗಿದವು, ಪಕ್ಕದ ಎಲ್ಲೆಯನ್ನು ದಾಟಿ ಒಳನುಗ್ಗುವ ಸ್ವಭಾವವನ್ನೂ ತೋರಿದವು. ಆಗ ಎರಡು ಗುಂಪಿನ ಕೋಶಗಳ ಪ್ರೋಟೀನುಗಳನ್ನು ತೂಗಿ ಹೋಲಿಸಿದರು. ಗುರುತಿಸಿದ್ದು ೩,೬೩೬ ಪ್ರೋಟೀನು. ಅವುಗಳಲ್ಲಿ ೪೦೮ರ ಪ್ರಮಾಣ ಗಣನೀಯವಾಗಿ ಬದಲಾಗಿತ್ತು.

ಹೆಚ್ಚಾದವುಗಳಲ್ಲಿ ಒಂದು ಅವರ ಕಣ್ಣನ್ನು ಸೆಳೆಯಿತು: ಸ್ಟಿಯರೈಲ್ ಕೋ-ಎ ಡಿಸ್ಯಾಚುರೇಸ್. ಹೆಸರು ಭಯಂಕರ, ಕೆಲಸ ಸರಳ. ಗಟ್ಟಿಯಾದ ಕೊಬ್ಬನ್ನು ಮೆದುಗೊಳಿಸುವುದು ಅದರ ಕೆಲಸ. ಹೊಸ ಕೋಶ ಹುಟ್ಟಬೇಕಾದರೆ ಹೊಸ ಹೊರಪೊರೆ ಬೇಕು, ಪೊರೆಗೆ ಮೆದುವಾದ ಕೊಬ್ಬು ಬೇಕು. ಮನೆ ಕಟ್ಟುವ ಅವಸರದವನು ಗಾರೆಯನ್ನು ಮೊದಲೇ ತರಿಸಿಟ್ಟುಕೊಂಡಂತೆ, ಆ ಕೋಶಗಳಲ್ಲಿ ಈ ಪ್ರೋಟೀನು ೨.೬ ಪಟ್ಟು ಏರಿತ್ತು. ಅದನ್ನು ತಡೆದಾಗ ಕೋಶಗಳ ಬೆಳವಣಿಗೆಯೂ ನುಗ್ಗುವಿಕೆಯೂ ತಗ್ಗಿದವು. ಅದೇ ಸಂಸ್ಥೆಯವರು ೨೦೧೮ರಲ್ಲಿ ಸಿಗರೇಟಿನ ಹೊಗೆಯ ಪರಿಣಾಮವನ್ನು ಪರೀಕ್ಷಿಸಿದಾಗ ಪಿ.ಕೆ.ಎನ್.-೨ ಎಂಬ ಒಂದು ಕೈನೇಸು, ಎಂದರೆ ಒಬ್ಬ ನೀರಗಂಟಿ, ಅಪರಾಧಿಯಾಗಿ ಸಿಕ್ಕಿಬಿದ್ದ.

ಇವೆಲ್ಲ ಗಾಜಿನ ತಟ್ಟೆಯಲ್ಲಿ ನಡೆದ ಸಂಗತಿಗಳು ಎಂಬುದನ್ನು ಮರೆಯಬಾರದು. ತಟ್ಟೆಯಿಂದ ರೋಗಿಯ ಹಾಸಿಗೆಯವರೆಗಿನ ದಾರಿ ಬಹು ದೂರ. ಆ ದಾರಿಯಲ್ಲಿ ಕಳೆದುಹೋದ ಔಷಧಗಳು ಲೆಕ್ಕವಿಲ್ಲದಷ್ಟು.

‘ಬರೀ ಅಡಿಕೆ ತಾನೆ?’

ಹೊಗೆಸೊಪ್ಪು ಬಿಟ್ಟೆ, ಬರೀ ಎಲೆ ಅಡಿಕೆ ಹಾಕುತ್ತೇನೆ ಎನ್ನುವ ಹಿರಿಯರು ಎಲ್ಲ ಮನೆಗಳಲ್ಲಿಯೂ ಇದ್ದಾರೆ. ಅವರಿಗೆ ಅಪ್ರಿಯವಾದ ಮಾತೊಂದನ್ನು ಹೇಳಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿ, ಹೊಗೆಸೊಪ್ಪಿಲ್ಲದ ವೀಳ್ಯವೂ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ೨೦೦೪ರಲ್ಲಿ ಸಾರಿತು. ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಇದು ಕಹಿಯೇ. ಅಡಿಕೆ ಅಗಿಯುವವರಲ್ಲಿ ಕೆಲವರಿಗೆ ಕೆನ್ನೆಯ ಒಳಪೊರೆ ಬಿಗಿದು ತೊಗಲಿನಂತಾಗಿ, ಬಾಯಿ ಮೂರು ಬೆರಳಿನಷ್ಟೂ ತೆರೆಯದಾಗುತ್ತದೆ. ಬಿಗಿಯುವ ವಸ್ತು ಕೊಲಾಜೆನ್. ಮೂರು ಎಳೆಗಳನ್ನು ಹೆಣೆದ ಹಗ್ಗದಂತಿರುವ ಅದರ ರಚನೆಯನ್ನು ೧೯೫೪-೫೫ರಲ್ಲಿ ಮದರಾಸಿನಲ್ಲಿ ಬಿಡಿಸಿ ತೋರಿಸಿದವರು ಜಿ. ಎನ್. ರಾಮಚಂದ್ರನ್, ಮುಂದೆ ೧೯೭೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರದ ವಿಭಾಗವನ್ನು ಆರಂಭಿಸಿದವರೂ ಅವರೇ. ಅದೇ ವಿಜ್ಞಾನ ಸಂಸ್ಥೆಯ ಪಿ. ಕೊಂಡಯ್ಯನವರ ತಂಡ ೨೦೧೨ರಲ್ಲಿ ಅಡಿಕೆಯ ಅಂಶಗಳು ಟಿ.ಜಿ.ಎಫ್.-ಬೀಟಾ ಎಂಬ ಸಂದೇಶಮಾರ್ಗವನ್ನು ಕೆರಳಿಸುತ್ತವೆ ಎಂದು ತೋರಿಸಿತು. ಗಾಯದ ಜಾಗದಲ್ಲಿ ಕೊಲಾಜೆನ್ ಹೆಣೆಯುವಂತೆ ಆಜ್ಞೆ ಮಾಡುವ ಮಾರ್ಗವೇ ಅದು. ಗಾಯವಿಲ್ಲದೆ ಬಂದ ಆಜ್ಞೆಯಿಂದ ಬಾಯಿ ಬಿಗಿಯುತ್ತದೆ.

ತೂಬು ಮುಚ್ಚುವ ಮದ್ದು

ಸಂದೇಶಮಾರ್ಗ ತಿಳಿದ ಮೇಲೆ ಅದನ್ನು ತಡೆಯುವ ಯೋಚನೆ ಬಾರದಿರುತ್ತದೆಯೇ? ಇ.ಜಿ.ಎಫ್. ಗ್ರಾಹಕದ ಮೇಲೆ ಹೋಗಿ ಕುಳಿತು ಸಂದೇಶಕ್ಕೆ ಎಡೆಗೊಡದ ಪ್ರತಿಕಾಯಗಳು ತಯಾರಾದವು. ಅವುಗಳಲ್ಲಿ ಒಂದಾದ ನಿಮೊಟುಜುಮ್ಯಾಬ್ ಕ್ಯೂಬಾ ದೇಶದಲ್ಲಿ ಹುಟ್ಟಿದ್ದು. ಬೆಂಗಳೂರಿನ ಬಯೋಕಾನ್ ಕಂಪನಿ ೨೦೦೬ರಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರುಗಳಿಗಾಗಿ ಅದನ್ನು ಭಾರತದ ಮಾರುಕಟ್ಟೆಗೆ ತಂದಿತು. ಮುಂಬಯಿಯ ಟಾಟಾ ಆಸ್ಪತ್ರೆಯವರು ೫೩೬ ರೋಗಿಗಳಲ್ಲಿ ನಡೆಸಿದ ಪರೀಕ್ಷೆಯ ಫಲ ೨೦೧೯ರಲ್ಲಿ ಪ್ರಕಟವಾಯಿತು. ಕಿರಣಚ��ಕಿತ್ಸೆ ಮತ್ತು ಸಿಸ್‌ಪ್ಲಾಟಿನ್ ಔಷಧದ ಜೊತೆಗೆ ಇದನ್ನೂ ಕೊಟ್ಟಾಗ ರೋಗ ಮರುಕಳಿಸದೆ ಉಳಿದವರ ಪ್ರಮಾಣ ಹೆಚ್ಚಿತು. ಆದರೆ ಆಯುಸ್ಸು ಹೆಚ್ಚಿತೆಂದು ನಿರ್ವಿವಾದವಾಗಿ ಹೇಳುವಷ್ಟು ಅಂತರ ಕಾಣಲಿಲ್ಲ.

ಕೆಲವರಿಗೆ ಫಲ, ಕೆಲವರಿಗೆ ಇಲ್ಲ. ಬೀದಿಯ ಆ ಇಬ್ಬರು ಹೆಂಗಸರ ಪ್ರಶ್ನೆಯೇ ಇಲ್ಲಿ ಬೇರೆ ವೇಷದಲ್ಲಿ ಬಂದು ನಿಂತಿದೆ. ಮೇಲಿನ ಕೆರೆಯ ತೂಬನ್ನು ಮುಚ್ಚಿದರೇನು, ಕೆಳಗಿನ ಕೆರೆಯ ತೂಬೂ ಮುರಿದಿದ್ದರೆ? ಅಥವಾ ನೀರು ಬೇರೊಂದು ಕಾಲುವೆಯಿಂದ ಬರುತ್ತಿದ್ದರೆ? ಒಬ್ಬ ರೋಗಿಯ ಗೆಡ್ಡೆಯಲ್ಲಿ ಯಾವ ತೂಬು ತೆರೆದಿದೆ ಎಂದು ತೂಗಿ ನೋಡಿ ಮದ್ದು ಕೊಡುವುದಾದರೆ, ಫಲವಿಲ್ಲದ ದುಬಾರಿ ಔಷಧಕ್ಕಾಗಿ ಒಂದು ಕುಟುಂಬ ಹೊಲ ಮಾರುವುದು ತಪ್ಪುತ್ತದೆ. ಪ್ರೋಟೀನು ವಿಶ್ಲೇಷಣೆಯಿಂದ ವೈದ್ಯರು ನಿರೀಕ್ಷಿಸುತ್ತಿರುವುದು ಇದನ್ನೇ. ಅಂಥ ಪರೀಕ್ಷೆ ಬಾಯಿಯ ಕ್ಯಾನ್ಸರಿಗೆ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ದಿನನಿತ್ಯದ ಮಾತಾಗಿಲ್ಲ. ಬೀದಿಯ ಇಬ್ಬರು ಹೆಂಗಸರಲ್ಲಿ ರೋಗ ಯಾರಿಗೆ ಬಂದೀತು ಎಂದು ಮುಂಚೆಯೇ ಹೇಳುವ ತಕ್ಕಡಿಯೂ ಇನ್ನೂ ಬಂದಿಲ್ಲ.

ಅಲ್ಲಿಯವರೆಗೆ ಕೋಲಾರದ ಹೆಂಗಸಿನ ಪಾಲಿಗೆ ಬಹುಮುಖ್ಯವಾದ ಸಂಗತಿ ಕಾಲ. ಹುಣ್ಣಿಗೆ ಮೊದಲು ಕೆನ್ನೆಯೊಳಗೆ ಬಿಳಿಯ ಅಥವಾ ಕೆಂಪನೆಯ ಮಚ್ಚೆ ಮೂಡುತ್ತದೆ. ಒರೆಸಿದರೆ ಹೋಗುವುದಿಲ್ಲ, ನೋಯುವುದೂ ಇಲ್ಲ. ನೋಯದ ಕಾರಣದಿಂದಲೇ ಅದನ್ನು ಯಾರಿಗೂ ತೋರಿಸುವುದಿಲ್ಲ. ಹುಣ್ಣಾದ ಮೇಲೂ ಹಲ್ಲು ತಾಗಿತೆಂದು, ಉಷ್ಣವೆಂದು ತಿಂಗಳುಗಳು ಕಳೆಯುತ್ತವೆ. ಮಗಳ ಮದುವೆ ಮುಗಿಯಲಿ, ಮಾವಿನ ಸುಗ್ಗಿ ಮುಗಿಯಲಿ ಎಂದು ಇನ್ನಷ್ಟು. ಆಸ್ಪತ್ರೆಗೆ ಬರುವ ಹೊತ್ತಿಗೆ ದವಡೆಯ ಮೂಳೆಯನ್ನೇ ತೆಗೆಯಬೇಕಾಗಿ ಬರುತ್ತದೆ. ಮೂರು ವಾರಕ್ಕೂ ಮಾಯದ ಹುಣ್ಣು, ಒರೆಸಿದರೆ ಹೋಗದ ಮಚ್ಚೆ, ಮೂರು ಬೆರಳು ಹಿಡಿಸದ ಬಾಯಿ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಲ್ಲಿಗೆ ಹೋಗತಕ್ಕದ್ದು.

ಸರ್ಕಾರ ೨೦೧೩ರಲ್ಲಿ ಕರ್ನಾಟಕದಲ್ಲಿ ಗುಟ್ಕಾವನ್ನು ನಿಷೇಧಿಸಿತು. ಅಡಿಕೆಯ ಪೊಟ್ಟಣವನ್ನೂ ಹೊಗೆಸೊಪ್ಪಿನ ಪೊಟ್ಟಣವನ್ನೂ ಬೇರೆ ಬೇರೆಯಾಗಿ ಮಾರಿ, ಕೊಂಡವನೇ ಬೆರೆಸಿಕೊಳ್ಳುವ ಉಪಾಯವನ್ನು ವ್ಯಾಪಾರಿಗಳು ಹುಡುಕಿಕೊಂಡರು. ಮಡಿಲಿನ ಸಂಚಿಯಲ್ಲಿರುವ ಕಡ್ಡಿಪುಡಿಯನ್ನಂತೂ ಆ ಕಾನೂನು ಮುಟ್ಟಲೇ ಇಲ್ಲ. ಇದಕ್ಕಿಂತ ಫಲಕಾರಿಯಾಗಬಹುದೆಂದು ನನಗೆ ತೋರುವ ಕೆಲಸ ೨೦೨೪ರಲ್ಲಿ ಆರಂಭವಾಯಿತು. ಆರೋಗ್ಯ ಇಲಾಖೆಯವರು ಮನೆಮನೆಗೆ ಹೋಗಿ ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆಯ ಕಾಯಿಲೆ, ಬಾಯಿಯ ಕ್ಯಾನ್ಸರು ಮುಂತಾದವುಗಳನ್ನು ಪರೀಕ್ಷಿಸುವ ‘ಗೃಹ ಆರೋಗ್ಯ’ ಯೋಜನೆ ಅದು. ಇಡೀ ರಾಜ್ಯದಲ್ಲಿ ಅದನ್ನು ಮೊದಲು ಕೈಗೊಂಡದ್ದು ಕೋಲಾರ ಜಿಲ್ಲೆಯಲ್ಲಿ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ‘ಅಮ್ಮಾ, ಬಾಯಿ ತೆರೀರಿ’ ಎಂದಾಗ, ದವಡೆಯ ಉಂಡೆಯನ್ನು ಉಗುಳಿ ಬಂದು ಬೆಳಕಿಗೆ ಮುಖಮಾಡಿ ಕುಳಿತರೆ, ಅವಳ ಕೈಯಲ್ಲಿರುವ ಟಾರ್ಚಿಗೆ ಆ ಬಿಳಿಯ ಮಚ್ಚೆ ಕಾಣಿಸುತ್ತದೆ.